ತಜ್ಞ ವೈದ್ಯರ ಹುದ್ದೆ ಖಾಲಿ, ಸಲಹಾ ಸಂಸ್ಥೆಗಳಿಗೆ ಖರ್ಚು: ಎರಡೂ ಲೆಕ್ಕವನ್ನು ಒಟ್ಟಿಗೆ ನೋಡುವ ದಾರಿ ಇದೆಯೇ?

ನಂದಿಬೆಟ್ಟದ ನೆರಳು (ಚಿಕ್ಕಬಳ್ಳಾಪುರ ಜಿಲ್ಲೆ) – ಪ್ರಶ್ನೆ

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ (ಆಸ್ಪತ್ರೆಯ ಉಸ್ತುವಾರಿ ನೋಡುವ ಸ್ಥಳೀಯ ಸಮಿತಿ) ಅಧಿಕಾರೇತರ ಸದಸ್ಯನಾಗಿದ್ದೇನೆ. ಯಾವ ತಾಲ್ಲೂಕು ಎಂಬುದನ್ನು ಬರೆಯುವುದಿಲ್ಲ. ಇರುವಷ್ಟೇ ಸಿಬ್ಬಂದಿಯಲ್ಲಿ ಹಗಲೂ ರಾತ್ರಿ ದುಡಿಯುತ್ತಿರುವವರ ಮೇಲಿನ ದೂರಾಗಿ ಈ ಪ್ರಶ್ನೆ ಮುಗಿದುಹೋಗಬಾರದು ಎಂಬುದು ನನ್ನ ಕಾಳಜಿ.

ನಮ್ಮಲ್ಲಿ ಕಟ್ಟಡವಿದೆ, ಹಾಸಿಗೆಗಳಿವೆ, ಆಪರೇಷನ್ ಥಿಯೇಟರೂ ಇದೆ. ಅಲ್ಲಿ ಅರಿವಳಿಕೆ ಯಂತ್ರ ಹೊದಿಕೆ ಹೊದ್ದು ನಿಂತಿದೆ. ಅದರ ಬದಿಗೆ ಅಂಟಿಸಿದ ನಿರ್ವಹಣಾ ಚೀಟಿಯಲ್ಲಿ ಯಂತ್ರ ಸುಸ್ಥಿತಿಯಲ್ಲಿದೆ ಎಂದು ದಿನಾಂಕ ಸಹಿತ ನಮೂದಾಗಿದೆ. ಅರಿವಳಿಕೆ ತಜ್ಞರ ಹುದ್ದೆ ಮಾತ್ರ ಬಹುಕಾಲದಿಂದ ಖಾಲಿ. ಹಿರಿಯ ಫಿಜಿಷಿಯನ್ ನಿವೃತ್ತರಾದ ಮೇಲೆ ಆ ಜಾಗಕ್ಕೂ ಯಾರೂ ಬಂದಿಲ್ಲ. ಪ್ರತಿ ಸಭೆಯ ನಡವಳಿಯಲ್ಲಿಯೂ "ಖಾಲಿ ಹುದ್ದೆಗಳ ಭರ್ತಿಗೆ ಮೇಲಧಿಕಾರಿಗಳಿಗೆ ಪತ್ರ ಬರೆಯಲಾಗಿದೆ" ಎಂಬ ಒಂದೇ ಸಾಲು ಮುಂದುವರಿಯುತ್ತಿದೆ. ರಾತ್ರಿ ಹೆರಿಗೆ ಕಷ್ಟವಾದರೆ ರೆಫರ್ ಚೀಟಿ ಬರೆದು 108 ಕರೆಸುವುದೇ ನಮ್ಮ ಚಿಕಿತ್ಸೆಯಾಗಿಬಿಟ್ಟಿದೆ.

ಇದೇ ಅವಧಿಯಲ್ಲಿ ಸಲಹಾ ಸಂಸ್ಥೆಗಳ ಪ್ರತಿನಿಧಿಗಳು ಆಸ್ಪತ್ರೆಗೆ ಬಂದು ಹೋಗಿದ್ದಾರೆ. ಮೌಲ್ಯಮಾಪನ, ಕೊರತೆ ಸಮೀಕ್ಷೆ, ತಂತ್ರಾಂಶದ ತರಬೇತಿ ಎಂದು ಒಂದೊಂದು ಸಲ ಒಂದೊಂದು ಕೆಲಸ. ಶುಶ್ರೂಷಕಿಯರು ಪಾಳಿಯ ನಡುವೆ ಬಿಡುವು ಮಾಡಿಕೊಂಡು ಅವರ ನಮೂನೆಗಳನ್ನು ತುಂಬಿಕೊಡುತ್ತಾರೆ. ಹಾಗೆ ಸಿದ್ಧವಾದ ಒಂದು ವರದಿಯನ್ನು ನಾನು ಓದಿದೆ. ಅದರಲ್ಲಿ ಗುರುತಿಸಿದ ಮೊದಲ ಕೊರತೆ ತಜ್ಞ ವೈದ್ಯರ ಹುದ್ದೆ ಖಾಲಿ ಇರುವುದು. ಆ ಸಂಗತಿ ಸಮಿತಿಯ ನಡವಳಿ ಪುಸ್ತಕದಲ್ಲಿ ಮೊದಲೇ ಇತ್ತು.

ನನ್ನ ಪ್ರಶ್ನೆ ಇಷ್ಟು. ಹುದ್ದೆ ಖಾಲಿ ಇದ್ದಾಗ ಅದಕ್ಕೆಂದು ತೆಗೆದಿಟ್ಟ ವೇತನದ ಹಣ ಎಲ್ಲಿಗೆ ಹೋಗುತ್ತದೆ? ಸಲಹಾ ಸಂಸ್ಥೆಗಳಿಗೆ ಕೊಡುವ ಹಣ ಯಾವ ಲೆಕ್ಕದಿಂದ ಬರುತ್ತದೆ? ಒಂದು ತಾಲ್ಲೂಕಿನ ಮಟ್ಟಿಗಾದರೂ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಮಾನ್ಯ ನಾಗರಿಕನಿಗೆ ಸಾಧ್ಯವಿದೆಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಹಳೇ ಕಡತ (ಕೋಲಾರ)

ಆರೋಗ್ಯ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಮೊದಲನೆಯ ಎರಡು ಪ್ರಶ್ನೆಗಳಿಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ರಾಜ್ಯದ ಆಯವ್ಯಯದಲ್ಲಿ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯಕ್ಕೆ 2210 ಎಂಬ ಲೆಕ್ಕ ಶೀರ್ಷಿಕೆ ಇದೆ. ಕುಟುಂಬ ಕಲ್ಯಾಣಕ್ಕೆ 2211, ಕಟ್ಟಡ ಮುಂತಾದ ಬಂಡವಾಳ ವೆಚ್ಚಕ್ಕೆ 4210. ಒಂದೊಂದು ಶೀರ್ಷಿಕೆಯ ಕೆಳಗೂ ಅಧಿಕಾರಿಗಳ ವೇತನ, ಸಿಬ್ಬಂದಿ ವೇತನ, ಸಾಮಾನ್ಯ ವೆಚ್ಚ, ಗುತ್ತಿಗೆ ಮತ್ತು ಹೊರಗುತ್ತಿಗೆ ಎಂದು ಬೇರೆ ಬೇರೆ ಬಾಬುಗಳಿರುತ್ತವೆ. ವೇತನದ ಬಿಲ್ಲು ಸರ್ಕಾರಿ ನೌಕರರ ವೇತನ ತಂತ್ರಾಂಶವಾದ ಎಚ್‌ಆರ್‌ಎಂಎಸ್ ಮೂಲಕ, ಕೆಲಸದಲ್ಲಿರುವವರ ಹೆಸರಿಗೆ ಮಾತ್ರ ತಯಾರಾಗುತ್ತದೆ. ಖಾಲಿ ಹುದ್ದೆಗೆ ಬಿಲ್ಲಿಲ್ಲ. ಆದ್ದರಿಂದ ಉಳಿದ ಹಣ ಆಸ್ಪತ್ರೆಯ ಕೈಯಲ್ಲಿ ಉಳಿತಾಯವಾಗಿ ನಿಲ್ಲುವುದಿಲ್ಲ. ವರ್ಷದ ಕೊನೆಗೆ ಅದನ್ನು ಸರ್ಕಾರಕ್ಕೆ ಅಧ್ಯರ್ಪಣೆ ಮಾಡಬೇಕು, ಅಂದರೆ ಹಿಂದಿರುಗಿಸಬೇಕು, ಇಲ್ಲವೇ ಆರ್ಥಿಕ ಇಲಾಖೆಯ ಒಪ್ಪಿಗೆ ಪಡೆದು ಬೇರೆ ಬಾಬಿಗೆ ಪುನರ್ವಿನಿಯೋಗ ಮಾಡಬೇಕು. ಮರುವರ್ಷದ ಅಂದಾಜು ತಯಾರಿಸುವಾಗ ಹಿಂದಿನ ವರ್ಷದ ವಾಸ್ತವ ಖರ್ಚನ್ನು ನೋಡುವುದು ವಾಡಿಕೆ. ಹೀಗಾಗಿ ಹುದ್ದೆ ಹೆಚ್ಚು ಕಾಲ ಖಾಲಿ ಬಿದ್ದಷ್ಟೂ ಅದಕ್ಕೆಂದು ಕೇಳುವ ಹಣವೂ ಕರಗುತ್ತ ಬರುತ್ತದೆ. ಮಂಜೂರಾತಿ ಆದೇಶದಲ್ಲಿ ಹುದ್ದೆ ಜೀವಂತವಾಗಿರುತ್ತದೆ, ಅಂದಾಜು ಪಟ್ಟಿಯಲ್ಲಿ ಅದು ಆಗಲೇ ಸತ್ತಿರುತ್ತದೆ.

ಸಲಹಾ ಸಂಸ್ಥೆಗಳ ಹಣದ ದಾರಿ ಬೇರೆ. ಬಹುಪಾಲು ಅದು ರಾಜ್ಯ ಮಟ್ಟದಲ್ಲಿ ಖರ್ಚಾಗುತ್ತದೆ: ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಹಣ ಹೂಡುವ ರಾಷ್ಟ್ರೀಯ ಆರೋಗ್ಯ ಅಭಿಯಾನದ ಕಾರ್ಯಕ್ರಮ ನಿರ್ವಹಣೆಯ ಬಾಬು, ಹೊರಗಿನ ಸಾಲದಿಂದ ನಡೆಯುವ ಯೋಜನೆಗಳು, ಸೊಸೈಟಿ ಮತ್ತು ಟ್ರಸ್ಟ್‌ಗಳ ಆಡಳಿತ ವೆಚ್ಚ. ವಿಶ್ವಬ್ಯಾಂಕಿನ ಸಾಲದಿಂದ 1996ರಲ್ಲಿ ಆರಂಭವಾದ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆಯ ಕಾಲದಲ್ಲಿ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳು ಇಂದಿನ ರೂಪ ಪಡೆದವು. ಬಳಿಕ 2006ರಲ್ಲಿ ಇನ್ನೊಂದು ಯೋಜನೆ ಬಂತು. ಇಂಥ ಸಾಲಗಳಲ್ಲಿ ಕಟ್ಟಡ, ಉಪಕರಣ, ತರಬೇತಿ, ಸಲಹಾ ಸೇವೆಗೆ ಸುಲಭವಾಗಿ ಜಾಗವಿರುತ್ತದೆ. ಮೂವತ್ತು ವರ್ಷ ಸಂಬಳ, ಆಮೇಲೆ ನಿವೃತ್ತಿ ಸೌಲಭ್ಯ ಕೊಡಬೇಕಾದ ಖಾಯಂ ಹುದ್ದೆಗೆ ಅಷ್ಟು ಸುಲಭವಾಗಿ ಇರುವುದಿಲ್ಲ.

ಮೂರನೆಯದೊಂದು ಲೆಕ್ಕವೂ ಇದೆ, ಅದನ್ನು ತಾವು ಕೇಳಿಲ್ಲ. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಜಾರಿಯಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ನಿಗದಿತ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಲಾಗದ ಚಿಕಿತ್ಸೆಗೆ ರೆಫರ್ ಪಡೆದು ಖಾಸಗಿ ಆಸ್ಪತ್ರೆಗೆ ಹೋದರೆ ಹಣವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಭರಿಸುತ್ತದೆ. ರೋಗಿಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಅದೇ ಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿದ್ದರೆ ಆ ಹಣದಲ್ಲಿ ಪಾಲು ಅಲ್ಲಿನ ಆರೋಗ್ಯ ರಕ್ಷಾ ಸಮಿತಿಯ ಖಾತೆಗೇ ಬರುತ್ತಿತ್ತು. ತಾವು ಆ ಸಮಿತಿಯ ಸದಸ್ಯರು. ಖಾತೆಯ ಪುಸ್ತಕ ತರಿಸಿ ನೋಡಿ. ತಜ್ಞರಿದ್ದ ವರ್ಷಕ್ಕೂ ಇಲ್ಲದ ವರ್ಷಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಾಣಬೇಕು.

ಅರಿವಳಿಕೆ ವೈದ್ಯೆ (ತುಮಕೂರು)

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿ ಕೆಲಸ ಮಾಡಿ, ಈಗ ಸೇವೆಯಿಂದ ಹೊರಬಂದಿದ್ದೇನೆ. ಹಣದ ಚರ್ಚೆಯ ನಡುವೆ ಕೆಲಸದ ಸ್ವರೂಪ ಮರೆಯಾಗುತ್ತಿದೆ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ವಾರಕ್ಕೆ 168 ಗಂಟೆ. ಒಬ್ಬ ವೈದ್ಯೆ ವಾರಕ್ಕೆ 48 ಗಂಟೆ ದುಡಿದರೆ ಉಳಿದ 120 ಗಂಟೆ ಆಸ್ಪತ್ರೆಯಲ್ಲಿ ಆ ವಿಭಾಗಕ್ಕೆ ಯಾರೂ ಇಲ್ಲ. ಅಂದರೆ ಒಂದೇ ಹುದ್ದೆ ಮಂಜೂರಾಗಿ ಅದು ಭರ್ತಿಯಾಗಿದ್ದರೂ ವಾರದ ಬಹುಪಾಲು ಸಮಯ ಆಸ್ಪತ್ರೆ ಖಾಲಿಯೇ. ಆ 120 ಗಂಟೆಯನ್ನು "ಕರೆದಾಗ ಬರುವುದು" ಎಂಬ ಹೆಸರಿನಲ್ಲಿ ನನ್ನ ಮೇಲೆಯೇ ಹೊರಿಸಲಾಗಿತ್ತು. ರಜೆ ಕೇಳಿದರೆ ಬದಲಿ ವ್ಯವಸ್ಥೆ ನೀವೇ ಮಾಡಿಕೊಳ್ಳಿ ಎನ್ನುತ್ತಿದ್ದರು. ಪ್ರಸೂತಿ ತಜ್ಞೆಯೂ ಒಬ್ಬರೇ. ನಾವಿಬ್ಬರಲ್ಲಿ ಒಬ್ಬರು ಊರಿನಲ್ಲಿಲ್ಲದಿದ್ದರೆ ಸಿಸೇರಿಯನ್ ಇಲ್ಲ. ಮಗುವಿನ ಹೃದಯದ ಬಡಿತ ಇಳಿಯುತ್ತಿರುವಾಗ ಶಸ್ತ್ರಚಿಕಿತ್ಸೆಯ ನಿರ್ಧಾರಕ್ಕೂ ಮೊದಲ ಛೇದನಕ್ಕೂ ನಡುವೆ 30 ನಿಮಿಷಕ್ಕಿಂತ ಹೆಚ್ಚು ಹೋಗಬಾರದು ಎಂಬುದು ನಮ್ಮ ವೃತ್ತಿಯ ಗುರಿ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಆ ದೂರವನ್ನು ಆಂಬುಲೆನ್ಸಿನಲ್ಲಿ ಕ್ರಮಿಸುವ ಗರ್ಭಿಣಿಗೆ ಆ ಗುರಿಯಿಂದ ಏನು ಪ್ರಯೋಜನ?

ಇನ್ನು ಹಿರಿಯರ ಹುದ್ದೆಯ ಮಾತು. ಹಿರಿಯ ತಜ್ಞರು ಕಡಿಮೆಯಾದಂತೆ ಉಳಿದವರಲ್ಲಿ ಯಾರಾದರೂ ಒಬ್ಬರಿಗೆ ಆಡಳಿತ ವೈದ್ಯಾಧಿಕಾರಿಯ ಪ್ರಭಾರ ಬರುತ್ತದೆ. ಆಮೇಲೆ ಅವರ ಬೆಳಗು ವಿಡಿಯೊ ಕಾನ್ಫರೆನ್ಸಿನಲ್ಲಿ, ಮಧ್ಯಾಹ್ನ ಟೆಂಡರ್ ಕಡತದಲ್ಲಿ, ಉಳಿದ ಹೊತ್ತು ಶವಪರೀಕ್ಷೆ ಮತ್ತು ನ್ಯಾಯಾಲಯದ ಸಾಕ್ಷಿಯಲ್ಲಿ ಕಳೆಯುತ್ತದೆ. ಅವರು ಶಸ್ತ್ರಚಿಕಿತ್ಸಕರಾಗಿದ್ದರೆ ಶಸ್ತ್ರಚಿಕಿತ್ಸೆ ನಿಂತಿತು. ಪಟ್ಟಿಯಲ್ಲಿ ಮಾತ್ರ ಶಸ್ತ್ರಚಿಕಿತ್ಸಕರ ಹುದ್ದೆಯೂ ಭರ್ತಿ, ಆಡಳಿತಾಧಿಕಾರಿಯ ಹುದ್ದೆಯೂ ಭರ್ತಿ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರ ನಂತರ ಅರಿವಳಿಕೆ, ಪ್ರಸೂತಿ, ಮಕ್ಕಳ ವೈದ್ಯಕೀಯ ಸೇರಿ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಆರಂಭಿಸಿತು. ವೈದ್ಯಕೀಯ ಕಾಲೇಜು ಇಲ್ಲದ ಆಸ್ಪತ್ರೆಯೂ ಅದನ್ನು ನಡೆಸಬಹುದು. ಆದರೆ ಕಲಿಸುವುದಕ್ಕೆ ಅನುಭವಿ ಹಿರಿಯ ತಜ್ಞರು ಅಲ್ಲಿ ಖಾಯಂ ಇರಲೇಬೇಕು. ತುಮಕೂರಿನಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಎರಡೂ ಖಾಸಗಿ. ಕೋಲಾರದ ಟಮಕದಲ್ಲಿರುವುದೂ ಖಾಸಗಿ. ಹೀಗಿರುವಾಗ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲೇ ತಜ್ಞರನ್ನು ತಯಾರು ಮಾಡುವುದು ನಮ್ಮ ಜಿಲ್ಲೆಗಳಿಗೆ ಅತ್ಯಂತ ಅಗತ್ಯವಾದ ಕೆಲಸ. ಹಿರಿಯರ ಹುದ್ದೆ ಖಾಲಿ ಬಿಟ್ಟರೆ ಇಂದಿನ ರೋಗಿಗೆ ಚಿಕಿತ್ಸೆ ತಪ್ಪುತ್ತದೆ, ಜೊತೆಗೆ ಮುಂದಿನ ಹತ್ತು ವರ್ಷದ ವೈದ್ಯರೂ ತಪ್ಪುತ್ತಾರೆ. ಬಿತ್ತನೆಗೆ ಇಟ್ಟ ರಾಗಿಯನ್ನೇ ಬೀಸಿ ಉಂಡಂತೆ ಇದು.

2012ರ ಕಾಯ್ದೆಯ ಕಡ್ಡಾಯ ಗ್ರಾಮೀಣ ಸೇವೆಯ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಓದು ಮುಗಿಸಿದವರು ಒಂದು ವರ್ಷಕ್ಕೆ ಬಂದು ಹೋಗುತ್ತಾರೆ. ಅವರಲ್ಲಿ ಬಹಳ ಒಳ್ಳೆಯ ಕೆಲಸಗಾರರನ್ನು ಕಂಡಿದ್ದೇನೆ. 2023ರ ತಿದ್ದುಪಡಿಯ ನಂತರ ಖಾಲಿ ಹುದ್ದೆಗಳಿಗೆ ಬೇಕಾದಷ್ಟು ಜನರನ್ನು ಮಾತ್ರ ಕರೆಯಲಾಗುತ್ತದೆ. ಒಂದು ವರ್ಷದ ಕಿರಿಯ ತಜ್ಞರಿಗೆ ಆಧಾರವಾಗಿ ನಿಲ್ಲಲು ಹಿರಿಯರೊಬ್ಬರು ಪಕ್ಕದಲ್ಲಿರದಿದ್ದರೆ ಅವರು ಅಪಾಯದ ಪ್ರಕರಣವನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು.

ನಾನು ಬಿಟ್ಟದ್ದು ಸಂಬಳಕ್ಕಲ್ಲ. ನನ್ನ ಜೊತೆ ಇನ್ನೊಬ್ಬ ಅರಿವಳಿಕೆ ತಜ್ಞರಿದ್ದಿದ್ದರೆ, ಮಳೆಗಾಲದಲ್ಲಿ ಸೋರದ ಒಂದು ವಸತಿಗೃಹವಿದ್ದಿದ್ದರೆ, ಇಂದಿಗೂ ಅಲ್ಲೇ ಇರುತ್ತಿದ್ದೆ. ನವೆಂಬರ್ 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಮೇಲೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರಸೂತಿ, ಅರಿವಳಿಕೆ, ಮಕ್ಕಳ ವಿಭಾಗಗಳಿಗೆ ತಲಾ ಇಬ್ಬರು ತಜ್ಞರಿರಬೇಕೆಂದು ಸರ್ಕಾರ ಹೇಳಿತು. ನಿರ್ಧಾರ ಸರಿಯಾದದ್ದು. ಆದರೆ ಸಮುದಾಯ ಆರೋಗ್ಯ ಕೇಂದ್ರಗಳಿಂದ ತಜ್ಞರನ್ನು ಎತ್ತಿ ತಾಲ್ಲೂಕಿಗೆ ಹಾಕಿದರೆ ಹೋಬಳಿಯ ಜನ ಇನ್ನಷ್ಟು ದೂರ ಬರಬೇಕಾಗುತ್ತದೆ. ಹೊಸಬರನ್ನು ತರದೆ ಇದ್ದವರನ್ನೇ ಸರಿಸುತ್ತ ಹೋದರೆ ಎಷ್ಟು ದಿನ ನಡೆಯುತ್ತದೆ?

ಮುಳಬಾಗಿಲಿನವ (ಈಗ ಬೆಂಗಳೂರು)

ನಾನು ಆರೋಗ್ಯ ಕಾರ್ಯಕ್ರಮವೊಂದರ ನಿರ್ವಹಣಾ ಘಟಕದಲ್ಲಿ, ಸಲಹಾ ಸಂಸ್ಥೆಯ ಪರವಾಗಿ ಕೆಲಸ ಮಾಡಿದ್ದೇನೆ. ಇಲ್ಲಿ ಬಹುಶಃ ನನ್ನೊಬ್ಬನದೇ ಭಿನ್ನ ಅಭಿಪ್ರಾಯ.

ಸಲಹಾ ಸೇವೆಗೆ ಕೊಟ್ಟ ಹಣವೆಲ್ಲ ವೈದ್ಯರ ಸಂಬಳದಿಂದ ಕಿತ್ತದ್ದು ಎಂದು ಭಾವಿಸುವುದು ಸರಿಯಲ್ಲ. ಹಳೇ ಕಡತದವರೇ ಹೇಳಿದಂತೆ ಎರಡರ ಮೂಲ ಬೇರೆ. ಸಲಹಾ ಸೇವೆಯನ್ನು ಇಡೀ ನಿಲ್ಲಿಸಿದರೂ ನಾಳೆ ಬೆಳಿಗ್ಗೆ ಬಾಗೇಪಲ್ಲಿಗೋ ಶಿರಾಗೋ ಅರಿವಳಿಕೆ ತಜ್ಞರು ಬಂದುಬಿಡುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅಗತ್ಯಕ್ಕೆ ಹೋಲಿಸಿದರೆ ತಜ್ಞರ ಕೊರತೆ ಶೇ 79.5, ಶಸ್ತ್ರಚಿಕಿತ್ಸಕರದ್ದು ಶೇ 83.2. ಎಷ್ಟು ಸಂಬಳ ಬೇಕೋ ನೀವೇ ಹೇಳಿ ಎಂದು ತಜ್ಞರಿಂದಲೇ ದರ ಕೇಳುವ ಅವಕಾಶವನ್ನೂ ಆರೋಗ್ಯ ಅಭಿಯಾನ ರಾಜ್ಯಗಳಿಗೆ ಕೊಟ್ಟಿದೆ. ಆಗಲೂ ಹುದ್ದೆಗಳು ತುಂಬಿಲ್ಲ.

ಇನ್ನೊಂದು ಮಾತು. ಔಷಧ ದಾಸ್ತಾನು, ಉಪಕರಣ ಖರೀದಿಯ ತಾಂತ್ರಿಕ ವಿವರ, ದತ್ತಾಂಶ ವಿಶ್ಲೇಷಣೆ ಇವೆಲ್ಲ ಬೇರೆ ಬೇರೆ ಕೌಶಲ್ಯಗಳು. ಇಲಾಖೆಯಲ್ಲಿ ಬಯೋಮೆಡಿಕಲ್ ಎಂಜಿನಿಯರುಗಳು, ಸಂಖ್ಯಾಶಾಸ್ತ್ರಜ್ಞರು ಸಾಕಷ್ಟು ಇಲ್ಲದಿರುವಾಗ ಆ ಕೆಲಸ ಯಾರು ಮಾಡಬೇಕು? 2015ರಿಂದ ಜಾರಿಯಲ್ಲಿರುವ ವೈದ್ಯಕೀಯ ಉಪಕರಣ ನಿರ್ವಹಣಾ ಕಾರ್ಯಕ್ರಮವನ್ನೇ ನೋಡಿ. ಅದೂ ಹೊರಗಿನ ಸಂಸ್ಥೆಗಳ ಕೆಲಸವೇ. ಜಿಲ್ಲಾ ಆಸ್ಪತ್ರೆಯಲ್ಲಿ ಉಪಕರಣಗಳು ಶೇ 95ರಷ್ಟು ಸಮಯ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ 90ರಷ್ಟು ಸಮಯ ಕೆಲಸ ಮಾಡಬೇಕು, ತಪ್ಪಿದರೆ ದಂಡ. ತಮ್ಮ ಆಸ್ಪತ್ರೆಯ ಅರಿವಳಿಕೆ ಯಂತ್ರ ಸುಸ್ಥಿತಿಯಲ್ಲಿ ಇರುವುದಕ್ಕೂ ಇಂಥದೇ ಒಪ್ಪಂದ ಕಾರಣವಿರಬಹುದು. ತಪ್ಪಿರುವುದು ಹೊರಗಿನವರಿಗೆ ಕೆಲಸ ಕೊಡುವುದರಲ್ಲಲ್ಲ, ವರದಿ ಸಲ್ಲಿಸಿದ ಕೂಡಲೇ ಕಂತು ಬಿಡುಗಡೆಯಾಗುವಂಥ ಕರಾರುಗಳಲ್ಲಿ. ನಾನು ಕಂಡ ಅನೇಕ ಕರಾರುಗಳಲ್ಲಿ ಇಲಾಖೆಯ ಸಿಬ್ಬಂದಿಗೆ ಕೆಲಸ ಕಲಿಸಿ ಹಸ್ತಾಂತರಿಸಬೇಕೆಂಬ ಷರತ್ತು ಇತ್ತು, ಕಲಿಯಲು ಸಿಬ್ಬಂದಿ ಇರಲಿಲ್ಲ. ಹೀಗಾಗಿ ಅವಧಿ ಮುಗಿದ ಮೇಲೆ ವಿಸ್ತರಣೆ ಅನಿವಾರ್ಯವಾಗುತ್ತದೆ.

ನಂದಿಬೆಟ್ಟದ ನೆರಳು

ಮುಳಬಾಗಿಲಿನವರು ಕೊನೆಗೆ ಹೇಳಿದ ಮಾತೇ ನನ್ನ ಆತಂಕವೂ ಹೌದು. ಖಾಯಂ ಹುದ್ದೆ ತುಂಬದಿರುವುದರಿಂದ ಸಲಹಾ ಸಂಸ್ಥೆ ಬೇಕಾಗುತ್ತದೆ, ಸಲಹಾ ಸಂಸ್ಥೆ ಇರುವುದರಿಂದ ಖಾಯಂ ಹುದ್ದೆ ತುರ್ತಲ್ಲ ಎನಿಸುತ್ತದೆ. ಹಣದ ಮೂಲ ಬೇರೆ ಎಂಬುದು ಲೆಕ್ಕದ ಪುಸ್ತಕಕ್ಕೆ ಸರಿ. ತೆರಿಗೆ ಕಟ್ಟುವವನಿಗೂ ಆಸ್ಪತ್ರೆಯ ಬಾಗಿಲಲ್ಲಿ ಕಾಯುವವನಿಗೂ ಅದು ಒಂದೇ ಹಣ. ಮೇಡಂ ಅವರು ಹೇಳಿದ 168 ಗಂಟೆಯ ಲೆಕ್ಕವನ್ನು ಮುಂದಿನ ಸಮಿತಿ ಸಭೆಯ ನಡವಳಿಯಲ್ಲಿ ದಾಖಲಿಸುತ್ತೇನೆ. ಅವರ ಸೇವೆ ನಮ್ಮ ಜಿಲ್ಲೆಗಳಿಗೆ ಸಿಗದೆ ಹೋದದ್ದಕ್ಕೆ ನಿಜಕ್ಕೂ ಬೇಸರವಾಗಿದೆ.

ಮಾಲೂರಿನಿಂದ ಐರ್ಲೆಂಡಿಗೆ

ಹುಟ್ಟೂರು ಮಾಲೂರು ತಾಲ್ಲೂಕು, ಈಗ ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಕಿರಿಯ ವೈದ್ಯನಾಗಿದ್ದೇನೆ. ದುಡ್ಡಿರುವ ದೇಶಗಳಲ್ಲಿ ಈ ಸಮಸ್ಯೆ ಇಲ್ಲವೆಂಬ ಭಾವನೆ ನಮ್ಮಲ್ಲಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿ ಆರ್ಥಿಕ ಮುಗ್ಗಟ್ಟಿನ ನಂತರ, ಅಕ್ಟೋಬರ್ 2012ರಿಂದ, ಹೊಸದಾಗಿ ಸೇರುವ ಹಿರಿಯ ತಜ್ಞರ ಸಂಬಳವನ್ನು ಶೇ 30ರಷ್ಟು ಕಡಿತ ಮಾಡಿದರು. ಒಂದೇ ಆಸ್ಪತ್ರೆಯಲ್ಲಿ, ಒಂದೇ ಕೆಲಸಕ್ಕೆ, ಮೊದಲು ಸೇರಿದವರಿಗೆ ಒಂದು ಸಂಬಳ, ಆಮೇಲೆ ಸೇರಿದವರಿಗೆ ಇನ್ನೊಂದು. ಇಲ್ಲಿ ತರಬೇತಿ ಮುಗಿಸಿದವರು ಆಸ್ಟ್ರೇಲಿಯಾ, ಕೆನಡಾ ಎಂದು ಹೊರಟರು. ಮಂಜೂರಾದ ಹಿರಿಯ ತಜ್ಞರ ಹುದ್ದೆಗಳಲ್ಲಿ ಸುಮಾರು ಐದರಲ್ಲೊಂದು ಖಾಲಿ ಅಥವಾ ತಾತ್ಕಾಲಿಕ ಭರ್ತಿ ಎಂದು ವೈದ್ಯರ ಸಂಘಟನೆಗಳು ವರ್ಷಗಟ್ಟಲೆ ಹೇಳುತ್ತ ಬಂದವು. ಏಜೆನ್ಸಿಗಳ ಮೂಲಕ ಬರುವ ತಾತ್ಕಾಲಿಕ ವೈದ್ಯರಿಗೆ ಖರ್ಚು ಏರಿತು. ಕಡೆಗೆ ಮಾರ್ಚ್ 2023ರಲ್ಲಿ ಹೊಸ ಒಪ್ಪಂದ ಬಂತು: ವಾರಕ್ಕೆ 37 ಗಂಟೆ, ವರ್ಷಕ್ಕೆ ಸುಮಾರು 2.10 ಲಕ್ಷದಿಂದ 2.52 ಲಕ್ಷ ಯೂರೋ, ಸಾರ್ವಜನಿಕ ಆಸ್ಪತ್ರೆಯೊಳಗೆ ಖಾಸಗಿ ರೋಗಿಗಳನ್ನು ನೋಡುವಂತಿಲ್ಲ. ಕಡಿತ ಮಾಡಿ ಸರಿಪಡಿಸಿಕೊಳ್ಳುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು.

ಸಲಹಾ ಖರ್ಚಿನ ಬಗ್ಗೆ ಇಂಗ್ಲೆಂಡಿನ ಒಂದು ಅಧ್ಯಯನ ಇಲ್ಲಿ ಪ್ರಸ್ತುತ. ಅಲ್ಲಿನ 120 ಸಾರ್ವಜನಿಕ ಆಸ್ಪತ್ರೆ ಸಂಸ್ಥೆಗಳ ನಾಲ್ಕು ವರ್ಷದ ಲೆಕ್ಕವನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಒಂದೊಂದು ಸಂಸ್ಥೆ ಆಡಳಿತ ಸಲಹೆಗೆ ವರ್ಷಕ್ಕೆ ಸರಾಸರಿ 12 ಲಕ್ಷ ಪೌಂಡ್ ವೆಚ್ಚ ಮಾಡಿತ್ತು. ಹೆಚ್ಚು ಖರ್ಚು ಮಾಡಿದಲ್ಲಿ ದಕ್ಷತೆ ಏರುವ ಬದಲು ಇಳಿದದ್ದೇ ಒಟ್ಟಾರೆ ಕಂಡುಬಂತು. ಕೆಲವು ಕಡೆ ಲಾಭವಾದದ್ದೂ ಇದೆ. ಇಂಥ ಅಧ್ಯಯನ ಸಾಧ್ಯವಾದದ್ದು ಅಲ್ಲಿ ಆಸ್ಪತ್ರೆವಾರು ಸಲಹಾ ವೆಚ್ಚ ಪ್ರತ್ಯೇಕ ಬಾಬಾಗಿ ಸಿಗುತ್ತಿದ್ದುದರಿಂದ. ನಮ್ಮಲ್ಲಿ ಮೊದಲು ಆಗಬೇಕಾದದ್ದು ಅದು ಎಂದು ನನಗನಿಸುತ್ತದೆ.

ಕಾನೂನು ನೆರವು (ತುಮಕೂರು)

ವಕೀಲನಾಗಿ ಮೂರನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಸಾಧ್ಯವಿದೆ, ಮಾಹಿತಿ ಹಕ್ಕು ಕಾಯ್ದೆ 2005ರ ಮೂಲಕ. ಆದರೆ ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಅರ್ಜಿದಾರರಿಗೆ ಶುಲ್ಕವಿಲ್ಲ. ಎರಡು ಲೆಕ್ಕವನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ಆದ್ದರಿಂದ ಮೂರು ಪ್ರತ್ಯೇಕ ಅರ್ಜಿ ಹಾಕಿ, ಮೂರರಲ್ಲೂ ಅದೇ ಆರ್ಥಿಕ ವರ್ಷಗಳನ್ನು ಕೇಳಿ. ಹುದ್ದೆಗಳ ವಿವರ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಸಲಹಾ ಸಂಸ್ಥೆಗಳ ಕಾರ್ಯಾದೇಶ ಮತ್ತು ಪಾವತಿಯ ವಿವರ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಇಲಾಖೆಯ ಕೇಂದ್ರ ಕಚೇರಿ ಆರೋಗ್ಯ ಸೌಧಕ್ಕೆ. ರೆಫರ್ ಆದವರಿಗೆ ಖಾಸಗಿ ಆಸ್ಪತ್ರೆಗಳಿಗೆ ಕೊಟ್ಟ ಹಣದ ತಾಲ್ಲೂಕುವಾರು ವಿವರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ತಪ್ಪು ಕಚೇರಿಗೆ ಹೋದರೂ ಕಲಂ 6(3)ರ ಪ್ರಕಾರ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಹೊಣೆ.

ಉತ್ತರಕ್ಕೆ 30 ದಿನ. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಸಲಹಾ ಕರಾರಿನ ಪ್ರತಿ ಕೇಳಿದಾಗ ವಾಣಿಜ್ಯ ಗೋಪ್ಯತೆ ಎಂದು ಕಲಂ 8(1)(ಡಿ) ಹೇಳಿ ನಿರಾಕರಿಸುವುದುಂಟು. ಸಾರ್ವಜನಿಕ ಹಣದಿಂದ ಪಾವತಿಯಾದ ಮೊತ್ತವನ್ನು ಆ ಕಲಮಿನಡಿ ಮುಚ್ಚಿಡುವುದು ಕಷ್ಟ. ಹಾಗಾಗಿ ಮೊದಲ ಸುತ್ತಿನಲ್ಲಿ ಪೂರ್ಣ ಕರಾರಿಗಿಂತ ಮೊತ್ತ, ಅವಧಿ, ವಿಸ್ತರಣೆಗಳನ್ನು ಕೇಳುವುದು ಜಾಣತನ. ಟೆಂಡರ್ ಕರೆದು ಕೊಟ್ಟದ್ದೋ ಅಥವಾ ಸರ್ಕಾರಿ ಖರೀದಿಯ ಪಾರದರ್ಶಕತೆಗೆಂದು ಇರುವ ಕೆಟಿಪಿಪಿ ಕಾಯ್ದೆ 1999ರ ಕಲಂ 4(ಜಿ) ವಿನಾಯಿತಿಯಡಿ ಕೊಟ್ಟದ್ದೋ ಎಂಬ ಒಂದು ಸಾಲನ್ನು ತಪ್ಪದೆ ಸೇರಿಸಿ.

ಶಾಸಕರು ನಿಮ್ಮ ಸಮಿತಿಯ ಅಧ್ಯಕ್ಷರಾಗಿರುತ್ತಾರಲ್ಲವೇ? ವಿಧಾನಸಭೆಯಲ್ಲಿ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ (ಲಿಖಿತ ಉತ್ತರ ಪಡೆಯುವ ಪ್ರಶ್ನೆ) ಕೇಳಿಸಲು ಅವರನ್ನು ಒಪ್ಪಿಸಿ. ಸದನಕ್ಕೆ ಕೊಡುವ ಉತ್ತರವನ್ನು ಇಲಾಖೆ ಹೆಚ್ಚು ಎಚ್ಚರಿಕೆಯಿಂದ ತಯಾರಿಸುತ್ತದೆ. ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್, ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಇಬ್ಬರೂ ಆರೋಗ್ಯ ಸಚಿವರಾಗಿದ್ದವರು. ಈ ಖಾತೆಯ ಒಳಹೊರಗು ಬಲ್ಲ ಜನಪ್ರತಿನಿಧಿಗಳು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ಹೊಸಬರಲ್ಲ. ಆ ಅನುಕೂಲವನ್ನು ನಾವು ಬಳಸಿಕೊಳ್ಳಬೇಕು.

ನಂದಿಬೆಟ್ಟದ ನೆರಳು

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಅರ್ಜಿಯ ಕರಡು ಹೀಗಿದೆ, ತಿದ್ದಿಕೊಡಿ:

"2022–23ರಿಂದ 2024–25ರವರೆಗೆ ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಹಿರಿಯ ತಜ್ಞ ಮತ್ತು ತಜ್ಞ ವೈದ್ಯರ ಹುದ್ದೆಗಳು ಎಷ್ಟು, ವಿಭಾಗವಾರು ಭರ್ತಿ ಎಷ್ಟು, ಖಾಲಿ ಎಷ್ಟು, ಪ್ರತಿ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ, ಅಧಿಕಾರಿಗಳ ವೇತನದ ಬಾಬಿನಲ್ಲಿ ಹಂಚಿಕೆಯಾದ, ಖರ್ಚಾದ ಮತ್ತು ಅಧ್ಯರ್ಪಣೆಯಾದ ಮೊತ್ತ ಎಷ್ಟು ಎಂಬ ಮಾಹಿತಿಯನ್ನು ದೃಢೀಕೃತ ಪ್ರತಿಗಳೊಂದಿಗೆ ಒದಗಿಸುವುದು."

ಹಳೇ ಕಡತ (ಕೋಲಾರ)

ಕರಡು ಚೆನ್ನಾಗಿದೆ. ಎರಡು ತಿದ್ದುಪಡಿ ಮಾಡಿ. "ಭರ್ತಿ ಎಷ್ಟು" ಎಂದಷ್ಟೇ ಕೇಳಿದರೆ ಬೇರೆಡೆ ನಿಯೋಜನೆಯ ಮೇಲಿರುವವರನ್ನೂ ಪ್ರಭಾರದಲ್ಲಿರುವವರನ್ನೂ ಗುತ್ತಿಗೆಯವರನ್ನೂ ಒಟ್ಟುಗೂಡಿಸಿ ಸಂಖ್ಯೆ ಕೊಡುತ್ತಾರೆ. ಖಾಯಂ, ಗುತ್ತಿಗೆ, ಕಡ್ಡಾಯ ಸೇವೆ, ಬೇರೆಡೆ ನಿಯೋಜನೆ, ಹೆಚ್ಚುವರಿ ಪ್ರಭಾರ ಎಂದು ಐದು ಅಂಕಣ ಮಾಡಿ ಕೇಳಿ. ವೇತನದ ಮೊತ್ತವನ್ನು ಜಿಲ್ಲೆಗೆ ಒಟ್ಟಾಗಿ ಕೊಡದಂತೆ, ಬಟವಾಡೆ ಅಧಿಕಾರಿವಾರು (ವೇತನದ ಹಣ ಸೆಳೆದು ಹಂಚುವ ಅಧಿಕಾರಿವಾರು) ಎಂದು ಸೇರಿಸಿ. ಖಜಾನೆ ಲೆಕ್ಕ ಆ ರೀತಿಯಲ್ಲೇ ಇರುವುದರಿಂದ ಮಾಹಿತಿ ಕ್ರೋಡೀಕರಿಸಿಲ್ಲ ಎಂಬ ಉತ್ತರಕ್ಕೆ ಅವಕಾಶವಿರುವುದಿಲ್ಲ.

ಅರಿವಳಿಕೆ ವೈದ್ಯೆ (ತುಮಕೂರು)

ಒಂದು ಅಂಕಣ ನನ್ನದೂ ಇರಲಿ: ರಾತ್ರಿ 8ರಿಂದ ಬೆಳಿಗ್ಗೆ 8ರ ನಡುವೆ ನಡೆದ ಸಿಸೇರಿಯನ್‌ಗಳ ಸಂಖ್ಯೆ, ತಿಂಗಳುವಾರು. ಹೆರಿಗೆ ಕೊಠಡಿಯ ಮತ್ತು ಥಿಯೇಟರಿನ ನೋಂದಣಿ ಪುಸ್ತಕಗಳಲ್ಲಿ ಸಮಯ ಸಹಿತ ದಾಖಲಾಗಿರುತ್ತದೆ. ಹುದ್ದೆ ಭರ್ತಿ ಎಂದು ತೋರಿಸಿರುವ ಆಸ್ಪತ್ರೆಯಲ್ಲಿ ಈ ಸಂಖ್ಯೆ ಸೊನ್ನೆಯಾಗಿದ್ದರೆ ಅಲ್ಲಿ ತಜ್ಞರು ಹಗಲಿಗೆ ಮಾತ್ರ ಇದ್ದಾರೆ ಅಥವಾ ಇಲ್ಲವೇ ಇಲ್ಲ ಎಂದು ಅರ್ಥ. ಇದನ್ನು ಬೇರೆ ಅರ್ಜಿಯಾಗಿ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೇ ಕೊಡಿ, 150 ಪದದ ಮಿತಿಯ ತೊಂದರೆ ಆಗುವುದಿಲ್ಲ.

ನಂದಿಬೆಟ್ಟದ ನೆರಳು

ಸೇರಿಸಿದ್ದೇನೆ. ಈಗ ನಾಲ್ಕು ಅರ್ಜಿಗಳಾದವು. ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ಪಾವಗಡ, ಮಧುಗಿರಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯವರು ಇದೇ ಮೂರು ವರ್ಷಗಳಿಗೆ, ಇದೇ ಅಂಕಣಗಳಲ್ಲಿ ಅರ್ಜಿ ಹಾಕಿದರೆ ಮೂರೂ ಜಿಲ್ಲೆಗಳ ಉತ್ತರಗಳನ್ನು ಹೋಲಿಸಬಹುದು. ತಿದ್ದಿದ ನಮೂನೆ ಬೇಕಾದವರು ಇಲ್ಲಿ ತಿಳಿಸಿ. ಉತ್ತರ ಬಂದಂತೆ ಪುಟಗಳನ್ನು ಇದೇ ಚರ್ಚೆಯ ಕೆಳಗೆ ಹಾಕುತ್ತೇನೆ.